ಸಪಾಟ ಶ್ರೀಕಾಂತ ಸರ್

ಟೀವಿಯಲ್ಲಿ ಟೆನಿಸ್ ನಡೆದಾಗ ಶ್ರೀಕಾಂತ ಸರ್ ಹೆಚ್ಚಾಗಿ ಸೋಲುವವನ ಕಡೆಗೇ ಇರುತ್ತಿದ್ದರು. ಬೇಕೆಂದು ಅಲ್ಲ. ಚೆಂಡನ್ನು ನೆಟ್ಟಿನ ಮೇಲೆ ನಾಲ್ಕು ಬೆರಳಷ್ಟೇ ಎತ್ತರದಲ್ಲಿ ನೇರವಾಗಿ, ರಭಸದಿಂದ ಹೊಡೆಯುವ ಆಟಗಾರರೆಂದರೆ ಅವರಿಗೆ ಜೀವ. ಅಂಥವರು ಕೆಂಪು ಮಣ್ಣಿನ ಕೋರ್ಟಿನಲ್ಲಿ ಮೊದಲ ಸೆಟ್ಟನ್ನು ಜಬರ್ದಸ್ತಾಗಿ ಗೆದ್ದು, ಎರಡನೆಯದರಲ್ಲಿ ಏದುಸಿರು ಬಿಟ್ಟು, ಆಮೇಲೆ ಕೈಚೆಲ್ಲುತ್ತಿದ್ದರು. ಎದುರಿನವನು ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿ, ಗರಗರ ಸುತ್ತಿಸಿ, ನೆಟ್ಟಿನಿಂದ ಎರಡು ಮೊಳ ಮೇಲೆ ಕಳಿಸುತ್ತಿದ್ದ. ಅದು ಗೆರೆಯೊಳಗೇ ಬಿದ್ದು ಭುಜದ ಮಟ್ಟಕ್ಕೆ ಚಿಮ್ಮುತ್ತಿತ್ತು. ಅಷ್ಟೆತ್ತರದ ಚೆಂಡನ್ನು ನೇರ ಹೊಡೆಯಲು ಹೋದರೆ ಒಂದೋ ನೆಟ್ಟಿಗೆ, ಇಲ್ಲವೋ ಹೊರಗೆ.

"ಸೋಲ್ಲಿ ಬಿಡು," ಎನ್ನುತ್ತಿದ್ದರು ಸರ್. "ಚಂದ ಸೋಲ್ತಾ ಇದ್ದಾನೆ."

ಎರಡು ಬಗೆಯ ಹೊಡೆತಕ್ಕೂ ಅವರದೇ ಹೆಸರು. ನೇರ ಹೊಡೆತಕ್ಕೆ ಸಪಾಟ. ಸುತ್ತಿಸಿ ಎತ್ತರಕ್ಕೆ ಕಳಿಸುವ ಟಾಪ್‌ಸ್ಪಿನ್ನಿಗೆ ಸುತ್ತು. ಮನುಷ್ಯರನ್ನೂ ಹೀಗೇ ವಿಂಗಡಿಸುತ್ತಿದ್ದರು. ಯಾರಾದರೂ ಏನೋ ಕೇಳಲು ಬಂದು ಹವಾ, ಮಳೆ, ಮೀನಿನ ರೇಟು ಅಂತ ಶುರು ಮಾಡಿದರೆ "ಸುತ್ತು ಬೇಡ, ಸಪಾಟ ಹೇಳು" ಎಂದುಬಿಡುತ್ತಿದ್ದರು. ಒಮ್ಮೆ ಚಿತ್ತಾಕುಲದಲ್ಲಿ ಮದುವೆಯೂಟ ಮಾಡಿ ಕೈತೊಳೆದವರೇ ಹುಡುಗಿಯ ಅಪ್ಪನ ಹತ್ತಿರ ಊಟ ಚಲೋ ಇತ್ತು, ಹುಡುಗನಿಗೆ ಮಾತ್ರ ಸಿಟ್ಟು ಜಾಸ್ತಿ ಕಾಣ್ತದೆ ಅಂದರಂತೆ. ಅಂದಿನಿಂದ ಅವರ ಹೆಂಡತಿ ಯಾವ ಸಮಾರಂಭದಲ್ಲೂ ಅವರ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಶಾಲೆಯಲ್ಲಿ ಕಲಿಸುತ್ತಿದ್ದ ಆಕೆಯನ್ನು ಅವರ ಕೇರಿ ಹಬ್ಬುವಾಡದವರೆಲ್ಲ ಕರೆಯುತ್ತಿದ್ದದ್ದು ಅಕ್ಕೋರು ಎಂದು. ನನಗೂ ಅಕ್ಕೋರೇ.

ಸರ್ ನೀರಾವರಿ ಇಲಾಖೆಯಿಂದ ನಿವೃತ್ತರಾಗಿದ್ದರು. ಕಾರವಾರದ ಸಮುದ್ರದ ಬದಿಗೆ, ಗಾಳಿಮರಗಳ ಹಿಂದೆ ಇದ್ದ ಹಳೆಯ ಕೋರ್ಟನ್ನು ಅವರೇ ನೋಡಿಕೊಳ್ಳುತ್ತಿದ್ದರು. ನೀರು ಹೊಡೆಯುವುದು, ಗೆರೆ ಎಳೆಯುವುದು, ನೆಟ್ಟು ಕಟ್ಟುವುದು ಎಲ್ಲ ಅವರ ಕೈಯಿಂದಲೇ ಆಗಬೇಕು. ನಾನು ಬೆಳಂಬಾರದವಳು, ಗದ್ದೆ ಮನೆಯ ಹುಡುಗಿ. ಕಾರವಾರಕ್ಕೆ ಕಾಲೇಜಿಗೆಂದು ಬಂದವಳು ಬೇಲಿಯಾಚೆ ನಿಂತು ನೋಡುತ್ತಿದ್ದೆ. ನೋಡೋದಕ್ಕೆ ಬಂದದ್ದೋ ಆಡೋದಕ್ಕೋ, ಸಪಾಟ ಹೇಳು ಅಂದರು. ಆಡೋದಕ್ಕೆ ಅಂದೆ. ರಾಕೆಟ್ ಕೊಟ್ಟರು.

ಅವರು ಕಲಿಸಿದ್ದು ಸಪಾಟ ಒಂದೇ. ಅದಕ್ಕೆ ಕಾರಣವನ್ನೂ ಕೊಡುತ್ತಿದ್ದರು. ಸಂಜೆಯ ಸಮುದ್ರದ ಗಾಳಿಗೆ ಎತ್ತರದ ಚೆಂಡು ಎಲ್ಲಿಗೋ ಹಾರಿಹೋಗುತ್ತದೆ, ತಗ್ಗಿನದು ಗಾಳಿಯನ್ನೇ ಸೀಳಿಕೊಂಡು ಹೋಗುತ್ತದೆ. ಮಾತು ಸರಿಯೇ ಇತ್ತು. ಎರಡು ವರ್ಷದಲ್ಲಿ ನಮ್ಮ ಕೋರ್ಟಿನಲ್ಲಿ ನನ್ನ ಚೆಂಡು ತಿರುಗಿ ಹೊಡೆಯುವವರೇ ಉಳಿಯಲಿಲ್ಲ. ನನಗೂ ಸ್ವಲ್ಪ ಕೊಂಬು ಬಂತು ಅನ್ನಿ.

ನನಗೆ ವಿಶ್ವವಿದ್ಯಾಲಯದ ತಂಡ ಸೇರಬೇಕಿತ್ತು. ಸೇರಿದರೆ ಮುಂದೆ ದೈಹಿಕ ಶಿಕ್ಷಣ ಓದಲು ಕಳಿಸುತ್ತೇನೆ ಎಂದು ಅಪ್ಪ ಒಪ್ಪಿದ್ದ. ಇಲ್ಲದಿದ್ದರೆ ಡಿಗ್ರಿಯ ಜೊತೆಗೇ ಆಟವೂ ಬಂದ್. ಅಪ್ಪ ಕೆಟ್ಟವನಲ್ಲ, ಆದರೆ ಚೆಂಡು ಹೊಡೆದು ಹೊಟ್ಟೆ ತುಂಬುತ್ತದೆ ಎಂದು ನಂಬಲು ಅವನಿಗೊಂದು ಗುರುತು ಬೇಕಿತ್ತು.

ಎರಡನೆಯ ವರ್ಷ ತಂಡದ ಆಯ್ಕೆಗೆ ಸರ್ ತಾವೇ ಧಾರವಾಡಕ್ಕೆ ಕರೆದುಕೊಂಡು ಹೋದರು. ಮೊದಲ ಪಂದ್ಯದಲ್ಲೇ ನನ್ನ ಗತಿ ನೋಡಲಾರದಂತಾಯಿತು. ಹೊಡೆದ ಚೆಂಡೆಲ್ಲ ಟಪ್ ಟಪ್ ಅಂತ ನೆಟ್ಟಿನ ಮೇಲಂಚಿಗೆ ಬಡಿದು ನನ್ನ ಕಡೆಗೇ ಬೀಳುತ್ತಿತ್ತು. ಅದೇ ಕೈ, ಅದೇ ಹೊಡೆತ. ನನಗೇನೋ ಮಾಟವೇ ಆಗಿದೆ ಅನ್ನಿಸಿತು. ಸೋತು ಅಳುತ್ತ ಚೀಲ ತುಂಬಿಕೊಳ್ಳುತ್ತಿದ್ದಾಗ ಸರ್ ಕೋರ್ಟಿನೊಳಗೆ ಹೋದರು. ನೆಟ್ಟಿನ ನಡುವೆ ನನ್ನ ಒಂದು ರಾಕೆಟ್ಟನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಮೇಲೆ ಇನ್ನೊಂದನ್ನು ಅಡ್ಡ ಹಿಡಿದರು. ನೆಟ್ಟಿನ ಎತ್ತರ ನೋಡುವ ಹಳೆಯ ಕ್ರಮ ಅದು. ನೆಟ್ಟು ಬರೋಬರಿ ಇತ್ತು. ಅವರು ಇನ್ನೊಮ್ಮೆ ಅಳೆದು ನೋಡಿದರು.

ವಾಪಸು ಬರುವಾಗ ಬಸ್ಸು ಅರಬೈಲ್ ಘಾಟ ಇಳಿಯಿತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಸರ್ ಹೇಳಿದರು.

"ಸೋತದ್ದು ನೀನಲ್ಲ ತಂಗೀ. ಜೋತದ್ದು ನಮ್ಮ ನೆಟ್ಟು."

ನಮ್ಮ ಕೋರ್ಟಿನ ನೆಟ್ಟಿನ ತಂತಿ ಉಪ್ಪುಗಾಳಿಗೆ ತುಕ್ಕು ಹಿಡಿದು ತುಂಡಾಗಿ ಎಷ್ಟೋ ಕಾಲವಾಗಿತ್ತು. ಅದರ ಬದಲಿಗೆ ಸರ್ ಮೀನಿನ ಬಲೆಯ ಹಗ್ಗ ಕಟ್ಟಿದ್ದರು. ಹಗ್ಗ ಎಳೆದಷ್ಟೂ ಸಡಿಲಾಗುತ್ತದೆ. ನೆಟ್ಟು ನಡುವೆ ಅಂಗೈಯಗಲ ಜೋತುಬಿದ್ದದ್ದು ದಿನಾ ಕಟ್ಟುವ ಅವರ ಕಣ್ಣಿಗೂ ಬೀಳಲಿಲ್ಲ, ದಿನಾ ಆಡುವ ನಮ್ಮ ಕಣ್ಣಿಗೂ ಬೀಳಲಿಲ್ಲ. ಅದನ್ನು ದಾಟುತ್ತಿದ್ದ ಹೊಡೆತವೇ ಧಾರವಾಡದ ಸರಿಯಾದ ನೆಟ್ಟಿಗೆ ಬಡಿದದ್ದು. ವರ್ಗವಾಗಿ ಬಂದ ಯಾರೋ ಅಧಿಕಾರಿ ನಿಮ್ಮ ನೆಟ್ಟು ಬಹಳ ದಯಾಳು ಎಂದಿದ್ದರಂತೆ. ಸರ್ ಅದನ್ನು ಹೊಗಳಿಕೆ ಎಂದುಕೊಂಡಿದ್ದರು!

"ನಾನು ಸಪಾಟ ಹೊಡೆಯೋನು ಅಂತ ಊರೆಲ್ಲ ಹೇಳ್ಕೊಂಡು ಬಂದೆ," ಎಂದರು. "ಎಂತಾ ಸಪಾಟ, ಮಾರಾಯ್ತಿ. ಹಗ್ಗ ಸಡ್ಲ ಇತ್ತು, ಅಷ್ಟೇ."

ಬೇರೆ ಯಾರಾದರೂ ಆಗಿದ್ದರೆ ಗ್ರಹಚಾರ ಎಂದು ಕೈತೊಳೆದುಕೊಳ್ಳುತ್ತಿದ್ದರು. ಸರ್ ಮರುವಾರವೇ ಹೊಸ ತಂತಿ ಹಾಕಿಸಿ ನೆಟ್ಟನ್ನು ಬಿಗಿದರು. ಆಮೇಲೆ ತಾವು ಜನ್ಮದಲ್ಲಿ ಇಷ್ಟಪಡದ ಕೆಲಸಕ್ಕೆ ಕುಳಿತರು. ಹಬ್ಬುವಾಡದ ಮನೆಯ ಟೀವಿಯ ಮುಂದೆ ನನ್ನನ್ನು ಕೂರಿಸಿಕೊಂಡು ಸುತ್ತು ಹೊಡೆಯುವವರನ್ನೇ ನೋಡತೊಡಗಿದರು. ನೋಡುತ್ತ ನೋಡುತ್ತ ಅವರಿಗೊಂದು ಹೊಳೆಯಿತು. ಸುತ್ತು ಹೊಡೆಯುವವನು ಅಂಜುಬುರುಕನಲ್ಲ. ಅವನು ಎದುರಿನವನನ್ನು ಹಿಂದೆ ತಳ್ಳುತ್ತಾನೆ, ಎಡಗಡೆಗೆ ಎತ್ತರದ ಚೆಂಡನ್ನೇ ಮತ್ತೆ ಮತ್ತೆ ಕಳಿಸಿ ಅವನ ತಾಳ್ಮೆ ತಿನ್ನುತ್ತಾನೆ. "ಇಂವ ಜಗಳಾಡೋದಿಲ್ಲ ನೋಡು," ಎಂದರು ಒಂದು ದಿನ. "ಸುಸ್ತು ಮಾಡ್ತಾನೆ." ಒಳಗಿನಿಂದ ಅಕ್ಕೋರು, ಅದನ್ನು ನಾನು ನಿಮಗೆ ಮದುವೆಯಾದಾಗಿನಿಂದ ಮಾಡ್ತಾ ಇದ್ದೇನಲ್ಲ ಅಂದರು.

ಕಲಿಸುವುದೇ ತ್ರಾಸು. ಅವರ ಮಣಿಕಟ್ಟು ತಿರುಗುತ್ತಲೇ ಇರಲಿಲ್ಲ. ಸುತ್ತು ಹೊಡೆಯಲು ಹೋದರೆ ಚೆಂಡು ಗಾಳಿಮರ ದಾಟುತ್ತಿತ್ತು. ಕೊನೆಗೆ ನಾನೇ, ನಮ್ಮಲ್ಲಿ ಹರಿವೆ ಸೊಪ್ಪಿನ ಮಡಿಗೆ ಕಾಲುವೆಯ ನೀರನ್ನು ತಟ್ಟೆಯಿಂದ ಮೇಲಕ್ಕೆ ಎರಚುತ್ತೇವಲ್ಲ, ಹಾಗಾ ಸರ್ ಎಂದು ಕೇಳಿದೆ. ಎರಚಿ ತೋರಿಸು ಅಂದರು. ತೋರಿಸಿದೆ. ಮಕ್ಕಳ ಹಾಗೆ ಖುಷಿಪಟ್ಟರು. ಅಲ್ಲಿಂದ ಮುಂದೆ ಇಡೀ ವರ್ಷ ನಾನು ನೀರೇ ಎರಚಿದೆ.

ಕೊನೆಯ ವರ್ಷದ ಆಯ್ಕೆಗೆ ಅವರು ಬರಲಿಲ್ಲ. ನಾನು ಸಿಟ್ಟು ಮಾಡಿದೆ, ಅತ್ತೂ ಕರೆದೆ. "ನಾ ಬೇಲಿ ಹತ್ರ ನಿಂತ್ರೆ ನಿನಗೆ ಸಪಾಟ ಹೊಡೀಬೇಕು ಅನ್ನಿಸ್ತದೆ," ಎಂದರು. "ನನ್ನ ಸಲುವಾಗಿ ನೀ ಹೊಡೀತೆ. ಬೇಡ."

ಒಬ್ಬಳೇ ಹೋದೆ. ಕೊನೆಯ ಪಂದ್ಯದಲ್ಲಿ ಎದುರಿಗಿದ್ದವಳು ಸಪಾಟ ಹೊಡೆಯುವವಳು, ಚಂದ ಹೊಡೆಯುತ್ತಿದ್ದಳು. ನಾನು ಎರಚುತ್ತಲೇ ಹೋದೆ, ಅವಳು ಹಿಂದೆ ಸರಿಯುತ್ತಲೇ ಹೋದಳು. ಹೊತ್ತು ಇಳಿಯುವಾಗ ಅವಳ ಕೈ ಸೋತಿತು. ಪಟ್ಟಿಯಲ್ಲಿ ನನ್ನ ಹೆಸರು ಕೂಗಿದ ಕೂಡಲೇ ಸರ್‌ಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ, ಸಪಾಟ ಒಂದಾದರೂ ಹೊಡೆದೆಯಾ ಎಂದು. ಹೌದು ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಮುದುಕರಿಗೆ ಖುಷಿಯಾಗುತ್ತಿತ್ತು. ಆದರೆ ಅವರ ಹತ್ತಿರ ಹಾಗೆ ಮಾತಾಡಿ ನನಗೆ ರೂಢಿಯಿಲ್ಲ. ಇಲ್ಲ ಸರ್, ಒಂದೂ ಇಲ್ಲ ಅಂದೆ. ಬರೋಬರಿ ಮಾಡಿದೆ ಎಂದು ಫೋನು ಇಟ್ಟರು.

ಈಗ ನಾನು ಅಂಕೋಲೆಯಲ್ಲಿ ಶಾಲೆಯ ಮಕ್ಕಳಿಗೆ ಆಟ ಕಲಿಸುತ್ತೇನೆ. ಸರ್ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಮಾತಾಡಿಸಲು ಹೋದಾಗ ಅಕ್ಕೋರು ಆ ಫೋನಿನ ದಿನದ ಮಾತು ತೆಗೆದರು. ಫೋನು ಇಟ್ಟು ಅಡುಗೆಮನೆಗೆ ಬಂದವರ ಕಣ್ಣು ತುಂಬಿತ್ತಂತೆ. ಹುಡುಗಿ ಸೋತಳೆಂದೇ ಅಕ್ಕೋರು ತಿಳಿದರಂತೆ. ಕೇಳಿದ್ದಕ್ಕೆ ಸರ್ ಅಂದರಂತೆ:

"ಇಲ್ಲ. ತಂಗಿ ಗೆದ್ಲು. ನಾ ಸೋತೆ. ಚಾ ಇಡು."

ಅಷ್ಟು ಸಪಾಟ ಮಾತಾಡುವವರು ನನಗಿನ್ನು ಯಾರೂ ಇಲ್ಲ.