ಅಕ್ಕ ನನ್ನನ್ನು ನೊಣ ಮಾಡಿದ ದಿನ

"ಅಜ್ಜಿ, 'ಫ್ಲೈ ಆನ್ ದ ವಾಲ್' ಮತ್ಲಬ್ ಏನು?" ಎಂದು ಮೊನ್ನೆ ಮೊಮ್ಮಗಳು ಕೇಳಿದಳು. ಗೋಡೆಯ ಮೇಲಿನ ನೊಣದಂತೆ, ಯಾರ ಗಮನಕ್ಕೂ ಬಾರದೆ ಎಲ್ಲವನ್ನೂ ನೋಡುವುದು, ಕೇಳುವುದು. ಅದನ್ನು ನನಗೆ ಕಲಿಸಿದವಳು ಸುಮತಿ ಅಕ್ಕ.

ಆಗ ನಾವು ವಡಾಲದ ಚಾಳಿನಲ್ಲಿ, ಸಾಲುಮನೆಗಳ ವಠಾರವೊಂದರಲ್ಲಿ, ಇದ್ದೆವು. ಕಾಲೇಜಿಗೆ ಹೋಗುತ್ತಿದ್ದ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹಿರಿಯರು ಮಾತಿಗೆ ಕುಳಿತಾಗ ಅಕ್ಕ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಕಾಲೇಜು ಬಿಡಿಸ್ತಾರಾ ಅಂತ ಕದ್ದು ಕೇಳಿಕೊಂಡು ಬಾ. ನೀನೀಗ ನೊಣ!" ಎಂದಳು.

ನಾನು ಬಾಗಿಲಿನ ಪರದೆಯ ಹಿಂದೆ ನಿಂತೆ. ಚಿಂತೆಯಾದಾಗಲೆಲ್ಲ ಮಾಡುವಂತೆ ಅಪ್ಪ ಪಂಚೆಯ ತುದಿಯಿಂದ ಕನ್ನಡಕ ಒರೆಸುತ್ತಿದ್ದರು.

"ಮದುವೆ ಆದ್ಮೇಲೆ ಕಾಲೇಜು ಯಾಕೆ?" ಎಂದರು ಗಂಡಿನ ತಾಯಿ.

ಅಪ್ಪ ಕನ್ನಡಕ ಹಾಕಿಕೊಂಡರು. "ಹಾಗಾದ್ರೆ ಈ ಸಂಬಂಧ ಬೇಡಮ್ಮ. ಅವಳು ಬಿ.ಎ. ಮುಗಿಸಲಿ."

ಓಡಿಹೋಗಿ ಅಕ್ಕನ ಕಿವಿಯಲ್ಲಿ ಹೇಳಿದೆ. ಬೆಳಗಿನಿಂದ ಏನೂ ತಿನ್ನದಿದ್ದ ಅವಳು ನೆಲದ ಮೇಲೆ ಕುಳಿತು, ಕಣ್ಣೀರು ಒರೆಸಿಕೊಳ್ಳುತ್ತಲೇ ನೆಂಟರಿಗೆಂದು ಮಾಡಿದ್ದ ಶೀರಾ ತಿಂದಳು. ನನಗೂ ತುತ್ತು ಕೊಟ್ಟಳು.

ನೆಂಟರು ಹೋದ ಮೇಲೆ ಅಪ್ಪ ಅಡುಗೆಮನೆಗೆ ಬಂದು, "ಪರದೆಯ ಕೆಳಗೆ ನಿನ್ನ ಕಾಲು ಕಾಣ್ತಾ ಇತ್ತು, ಮಗಾ" ಎಂದು ನಕ್ಕರು.

ಇದನ್ನು ಕೇಳಿ ಮೊಮ್ಮಗಳೂ ನಕ್ಕಳು. ನಾನು ಅಕ್ಕನಿಗೆ ಫೋನ್ ಮಾಡಿದೆ.