ಸದ್ದಿಲ್ಲದ ಗಾಡಿಗೆ ಕಿವಿ ಕೊಟ್ಟವನು

ಕಿವಿಮೇಸ್ತ್ರಿಗೆ ಆ ದಿನ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತರೆ ತಕ್ಷಣ ಎದ್ದು ಗ್ಯಾರೇಜಿನ ನಡುವೆ ನಿಂತಿದ್ದ ಬೈಕಿನ ಸುತ್ತ ಒಂದು ಸುತ್ತು ಬರುತ್ತಿದ್ದ. ಎದ್ದದ್ದು ಯಾಕೆಂದು ಮರೆತು, ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳನ್ನು ಇಳಿಸಿ ಮತ್ತೆ ಅಳತೆ ನೋಡಿ ತೂಗುಹಾಕುತ್ತಿದ್ದ. ಬೆಳಗಿನಿಂದ ಮೂರು ಸಲ ಹಾಗೆ ಮಾಡಿದ್ದ. ಹೆಂಡತಿಯ ತಂಗಿ ಎದುರು ಸಾಲಿನಲ್ಲೇ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಳು. ನೀರೆತ್ತುವ ಪಂಪಿಗೆ ತಾಮ್ರದ ತಂತಿ ಸುತ್ತುತ್ತಾ ಭಾವನ ಈ ಓಡಾಟವನ್ನೆಲ್ಲ ನೋಡುತ್ತಿದ್ದಳು.

“ಭಾವಾ, ಹೆರಿಗೆ ವಾರ್ಡಿನ ಹೊರಗೆ ನಿಂತೋರ ಥರ ಆಡ್ಬೇಡಿ. ಇಂಜಿನ್ ತಾನೆ ಇಳಿಸ್ಬೇಕಾಗಿರೋದು? ಇಳಿಸಿ ಅತ್ಲಾಗೆ!”

ಇಳಿಸಬೇಕಾಗಿದ್ದ ಇಂಜಿನ್ ಅವನದೇ ಗಾಡಿಯದು. ಮದುವೆಗೆ ಮೊದಲು ಕೊಂಡದ್ದು. ಹೆಂಡತಿ ಅದನ್ನು ‘ನನ್ನ ಸವತಿ’ ಅಂತಲೇ ಕರೆಯುತ್ತಿದ್ದಳು. ಪೆಟ್ರೋಲ್ ಇಂಜಿನ್ ಕಿತ್ತು, ಆ ಜಾಗದಲ್ಲಿ ಕರೆಂಟಿನ ಮೋಟರನ್ನೂ ಬ್ಯಾಟರಿಯನ್ನೂ ಕೂರಿಸುತ್ತೇನೆ ಅಂತ ಅವನು ಹೇಳಿದಾಗ ಬೀದಿಯೆಲ್ಲ ನಕ್ಕಿತ್ತು. ಪಕ್ಕದ ದರ್ಜಿಯಂತೂ ಕತ್ತರಿ ಕೆಳಗಿಟ್ಟು ಕೇಳಿದ್ದ: “ಅಲ್ಲಯ್ಯಾ, ಸದ್ದೇ ಇಲ್ಲದ ಗಾಡಿಗೆ ನಿನ್ನ ಕಿವಿ ಯಾಕೆ ಬೇಕು?”

ಕಿವಿಮೇಸ್ತ್ರಿ ಅನ್ನುವ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, ಬಲಗೈಯಿಂದ ಒಂದಿಷ್ಟು ರೇಸ್ ಕೊಟ್ಟು, ಕಣ್ಣು ಮುಚ್ಚುತ್ತಿದ್ದ. ಒಂದು ಉಸಿರು ತೆಗೆದು ಬಿಡುವಷ್ಟು ಹೊತ್ತು, ಅಷ್ಟೇ. “ಬೇರಿಂಗು,” ಅನ್ನುತ್ತಿದ್ದ. ಅಥವಾ, “ಏನೂ ಇಲ್ಲ, ಸೈಲೆನ್ಸರಿನ ನಟ್ಟು ಸಡಿಲ. ಹೆದರಿಸೋಕೆ ಬಂದ್ಯಾ?” ಬೇರೆ ಗ್ಯಾರೇಜಿನವರು ಬಿಚ್ಚಿ, ಹರಡಿ, ಸೋತು, ಕೊನೆಗೆ ಅವನ ಹತ್ತಿರ ತರುತ್ತಿದ್ದರು. ನಲವತ್ತು ವರ್ಷ ಅನ್ನ ಹಾಕಿದ್ದು ಅವನ ಎಡಗಿವಿ.

ಆ ಎಡಗಿವಿ ಎರಡು ವರ್ಷದಿಂದ ಹತ್ತಿ ತುರುಕಿದಂತೆ ಕಟ್ಟಿಕೊಂಡಿತ್ತು. ಸ್ನಾನದ ನೀರು ಹೋಗಿರಬೇಕು ಅಂದುಕೊಂಡ. ನೀರು ಎರಡು ವರ್ಷ ನಿಲ್ಲುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿ ಎಡಗಿವಿಯಿಂದ ಬಲಗಿವಿಗೆ ಬಂತು. ಬಲಗಿವಿಯೂ ಮಂದವಾಗತೊಡಗಿದಾಗ ಮೆಲ್ಲಗೆ ದವಡೆಯ ಮೂಳೆಗೆ ಸರಿಯಿತು. ಗಿರಾಕಿಗಳು ಮಾತಾಡುವಾಗ ಅವರ ತುಟಿ ನೋಡುವುದನ್ನು ಕಲಿತ. ಅರ್ಥವಾಗದಿದ್ದರೆ “ಹೂಂ, ನಾಳೆ ಬನ್ನಿ” ಅನ್ನುವುದನ್ನೂ ಕಲಿತ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದ.

ಹಾಗಿರುವಾಗ ಗಣಿತದ ಮೇಷ್ಟ್ರು ತಮ್ಮ ಗಾಡಿ ತಂದರು. “ಒಳಗೆ ಏನೋ ಕುಟ್ಟಿದ ಹಾಗೆ ಆಗುತ್ತೆ,” ಅಂದರು. ಅವನು ಸ್ಕ್ರೂಡ್ರೈವರ್ ಇಟ್ಟ, ರೇಸ್ ಕೊಟ್ಟ, ಕಣ್ಣು ಮುಚ್ಚಿದ. ದೂರದಲ್ಲಿ ಯಾರೋ ಕಂಬಳಿ ಕೊಡವಿದಂಥ ಸದ್ದು, ಮತ್ತೇನೂ ಇಲ್ಲ. “ಏನೂ ಇಲ್ಲ ಮೇಷ್ಟ್ರೇ, ಧೈರ್ಯವಾಗಿ ಓಡಿಸಿ,” ಅಂದ. ನಾಲ್ಕನೆಯ ದಿನ ಇಳಿಜಾರಿನಲ್ಲಿ ಇಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಕಚ್ಚಿ ನಿಂತು, ಮೇಷ್ಟ್ರು ರಸ್ತೆಗೆ ಬಿದ್ದು, ಕಾಲಿಗೆ ಆರು ವಾರದ ಪ್ಲಾಸ್ಟರ್ ಬಂತು. ಆಯಿಲ್ ಕೆಟ್ಟಿತ್ತೇನೋ ಅಂತ ಬೀದಿ ಮಾತಾಡಿಕೊಂಡಿತು. ಮೇಸ್ತ್ರಿ ಅದಕ್ಕೂ “ಹೂಂ” ಅಂದ. ಅಂದಿನಿಂದ ಅವನ ಕೈಕಾಲು ಒಂದು ಕಡೆ ನಿಂತದ್ದಿಲ್ಲ.

ಕಿವಿ ಬೇಡದ ಕೆಲಸ ಒಂದನ್ನು ಕಲಿಯಬೇಕು, ಯಾರಿಗಾದರೂ ತಿಳಿಯುವ ಮೊದಲೇ ಕಲಿಯಬೇಕು. ಗಾಡಿ ಬದಲಿಸುವ ಹಟ ಹುಟ್ಟಿದ್ದು ಹೀಗೆ. ನಾದಿನಿಗೆ ಮಾತ್ರ, “ಪೆಟ್ರೋಲ್ ವಾಸನೆಗೆ ತಲೆ ನೋಯುತ್ತೆ ಕಣೇ,” ಅಂದಿದ್ದ.

“ನಲವತ್ತು ವರ್ಷ ಆದ್ಮೇಲೆ?”

“ತಲೇನೂ ಹಳೇದಾಯ್ತಲ್ಲ.”

ಅಂತೂ ಇಂಜಿನ್ ಇಳಿಯಿತು. ನಾಲ್ಕು ಬೋಲ್ಟು ಬಿಚ್ಚಿ ಹೊರಗೆಳೆದಾಗ, ಹಲ್ಲು ಕಿತ್ತ ಬಾಯಿಯಂತೆ ಚೌಕಟ್ಟಿನ ನಡುವೆ ಒಂದು ತೆರಪು ಉಳಿಯಿತು. ಅವನಿಗೆ ಅದನ್ನು ನೋಡಲಾಗಲಿಲ್ಲ; ಹಳೆಯ ಅಂಗಿಯೊಂದನ್ನು ಅಡ್ಡ ಹೊದಿಸಿದ. ಮರುದಿನ ಚಪ್ಪಲಿ ಡಬ್ಬದ ರಟ್ಟು ಕತ್ತರಿಸಿ, ಆ ತೆರಪಿಗೆ ಹಿಡಿದು, ಮೋಟರನ್ನು ಕೂರಿಸುವ ಕಬ್ಬಿಣದ ತಟ್ಟೆಗೆ ಮಾದರಿ ಮಾಡಿದ. ಮೊದಲನೆಯ ತಟ್ಟೆಯಲ್ಲಿ ಚೈನು ಒಂದು ಕೂದಲೆಳೆಯಷ್ಟು ಓರೆ ಬಂತು. “ಯಾರ ಕಣ್ಣಿಗೂ ಕಾಣಲ್ಲ ಬಿಡಿ,” ಅಂದಳು ನಾದಿನಿ. “ಚೈನಿಗೆ ಕಾಣುತ್ತೆ,” ಅಂತ ಎರಡನೆಯ ತಟ್ಟೆ ಕತ್ತರಿಸಿದ. ಬ್ಯಾಟರಿಗೆ ಪೆಟ್ಟಿಗೆ ಮಾಡಿ, ಅಲುಗಾಡದಂತೆ ರಬ್ಬರು ಹಾಸಿ ಕೂರಿಸಿದ. ತಂತಿಗಳ ಕೆಲಸ ಪೂರ್ತಿ ಅವಳದು. ಕೆಂಪು, ಕಪ್ಪು, ಹಳದಿ ಎಳೆಗಳನ್ನು ಅವಳು ಜಡೆ ಹೆಣೆದಂತೆ ಸೀಟಿನ ಅಡಿಗೆ ಸೇರಿಸುವಾಗ, ಭಾವ ಹಿಂದೆ ನಿಂತು ಬೆರಳು ಮುರಿದುಕೊಳ್ಳುತ್ತಿದ್ದ.

“ಸೈಡ್ ಸ್ಟ್ಯಾಂಡಿಗೊಂದು ಸ್ವಿಚ್ ಹಾಕ್ಬೇಕು,” ಅಂದಳು. “ಸ್ಟ್ಯಾಂಡ್ ಕೆಳಗಿದ್ರೆ ಮೋಟರಿಗೆ ಕರೆಂಟ್ ಹೋಗ್ಬಾರ್ದು. ತರಿಸೋಕೆ ಹೇಳಿದೀನಿ. ಎರಡು ದಿನ ಕಾಯಿರಿ.”

“ಗಾಡಿ ಹಿಡಿದು ನಲವತ್ತು ವರ್ಷ ಆಯ್ತು. ನಂಗೆ ಸ್ಟ್ಯಾಂಡಿನ ಪಾಠ ಮಾಡ್ತೀಯಾ?”

“ಪಾಠ ನಿಮಗಲ್ಲ ಭಾವ, ನಿಮ್ಮ ಕೈಗೆ.”

ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಕೀಲಿ ತಿರುಗಿಸಿ ನೋಡಿದರು. ಹ್ಯಾಂಡಲ್ ತಿರುವಿದೊಡನೆ ಚಕ್ರದ ಕಡ್ಡಿಗಳೆಲ್ಲ ಕರಗಿ ಬೆಳ್ಳಗಾದವು. ಮೇಸ್ತ್ರಿಗೆ ಕಂಡದ್ದು ತಿರುಗುವುದಷ್ಟೇ. ಕನಸಿನಲ್ಲಿ ತಿರುಗಿದಂತೆ ಅದು ತಿರುಗಿತು. “ಸದ್ದು ಇದೆಯೇನೇ?” ಅಂದ. “ಜೇನು ಗುಂಯ್ಗುಟ್ಟಿದಷ್ಟು,” ಅಂದಳು. ಅವನು ತಲೆಯಾಡಿಸಿದ, ತನಗೂ ಕೇಳಿದ ಹಾಗೆ.

ಎರಡು ದಿನ ಕಾಯುವ ಜೀವ ಅದಾಗಿರಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬನೇ ಗಾಡಿಯನ್ನು ಬೀದಿಗೆ ಇಳಿಸಿ, ಸೈಡ್ ಸ್ಟ್ಯಾಂಡಿಗೆ ನಿಲ್ಲಿಸಿ, ಕೀಲಿ ತಿರುಗಿಸಿದ. ಕೆಂಪು ದೀಪ ಹತ್ತಿತು. ಹತ್ತಿದ್ದು ನಿಜವೋ, ಮೋಟರಿಗೆ ಜೀವ ಬಂದಿದೆಯೋ ಇಲ್ಲವೋ ಅನ್ನುವ ಅನುಮಾನ ಬಂತು. ಅನುಮಾನ ಬಂದಾಗ ಜೀವಮಾನವಿಡೀ ಏನು ಮಾಡಿದ್ದನೋ ಅದನ್ನೇ ಮಾಡಿದ. ಗಾಡಿಯ ಪಕ್ಕ ನಿಂತು, ಇಂಜಿನ್ ಇದ್ದ ಜಾಗಕ್ಕೆ ತಲೆ ಬಾಗಿಸಿ, ಕಣ್ಣು ಮುಚ್ಚಿ, ಬಲಗೈಯಿಂದ ರೇಸ್ ಕೊಟ್ಟ.

ಪೆಟ್ರೋಲ್ ಗಾಡಿಯಾಗಿದ್ದರೆ ನ್ಯೂಟ್ರಲಿನಲ್ಲಿ ನಿಂತು ಗುಡುಗುತ್ತಿತ್ತು. ಇದಕ್ಕೆ ಗೇರೂ ಇಲ್ಲ, ನ್ಯೂಟ್ರಲೂ ಇಲ್ಲ. ಹಗ್ಗ ಕಿತ್ತ ಕರುವಿನಂತೆ ನೆಗೆಯಿತು. ಕೈ ಹ್ಯಾಂಡಲಿಗೆ ಸಿಕ್ಕಿ, ಹಿಡಿತ ಬಿಗಿಯಾದಷ್ಟೂ ವೇಗ ಹೆಚ್ಚಿ, ಅವನನ್ನು ಎಳೆದುಕೊಂಡು ಹೋಗಿ ಪಂಕ್ಚರ್ ಅಂಗಡಿಯವನು ಪೇರಿಸಿಟ್ಟಿದ್ದ ಹಳೆಯ ಟೈರುಗಳಿಗೆ ಹೊಡೆಯಿತು. ಟೈರುಗಳು ಕುಸಿದವು. ಒಂದು ಮಾತ್ರ ಎದ್ದು ನಿಂತು, ತನಗೇನೋ ತುರ್ತು ಕೆಲಸವಿದ್ದಂತೆ ಬೀದಿಯುದ್ದಕ್ಕೂ ಉರುಳಿ, ದರ್ಜಿಯ ಹೊಸ್ತಿಲಿಗೆ ತಾಗಿ ಮಲಗಿತು.

“ಹಾರ್ನೂ ಇಲ್ಲ, ಸದ್ದೂ ಇಲ್ಲ! ಇಷ್ಟು ಮರ್ಯಾದೆಯಿಂದ ಆಕ್ಸಿಡೆಂಟ್ ಮಾಡಿದ್ದು ನೀನೊಬ್ಬನೇ ಕಣಯ್ಯಾ,” ಅಂದ ದರ್ಜಿ.

ಎಲ್ಲರೂ ನಕ್ಕರು. ನಾದಿನಿ ನಗಲಿಲ್ಲ. ಓಡಿ ಬಂದು ಕೀಲಿ ತೆಗೆದು, ತರಚಿದ ಮೊಣಕೈಯನ್ನು ತನ್ನ ಸೆರಗಿನಿಂದ ಒತ್ತಿ ಹಿಡಿದು, ಅವನನ್ನು ತನ್ನ ಅಂಗಡಿಯೊಳಗೆ ಕೂರಿಸಿದಳು. ಆಮೇಲೆ ಎದುರಿಗೆ ಬಂದು, ಮುಖ ಕಾಣುವ ಹಾಗೆ ಕೂತಳು.

“ಮೂರು ಸಲ ಕೂಗಿದೆ ಭಾವ. ಕೈ ಬಿಡಿ, ಕೈ ಬಿಡಿ ಅಂತ. ನಿಮ್ಮ ಬೆನ್ನ ಹಿಂದೆ ನಾಲ್ಕು ಹೆಜ್ಜೆಯಲ್ಲೇ ಇದ್ದೆ.”

ಅವನು ಮೇಜಿನ ಮೇಲಿದ್ದ ತಾಮ್ರದ ತಂತಿಯ ತುಂಡನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಆಮೇಲೆ ಎಲ್ಲವನ್ನೂ ಹೇಳಿದ: ಹತ್ತಿಯಂಥ ಕಿವಿ, ದವಡೆಗೆ ಸರಿದ ಹಿಡಿ, ಮೇಷ್ಟ್ರ ಕಾಲು. ಕೊನೆಗೆ, “ನಿಮ್ಮಕ್ಕನಿಗೆ ಗೊತ್ತಿಲ್ಲ. ಹೇಳ್ಬೇಡ,” ಅಂದ.

ಅವಳು ಎದ್ದು ತಂತಿಯ ಡಬ್ಬ ತಡಕಾಡಿ, ಹಳೆಯ ಗಾಡಿಯೊಂದರ ಸ್ಟ್ಯಾಂಡ್ ಸ್ವಿಚ್ ಹುಡುಕಿ ತೆಗೆದಳು. “ಹೊಸದು ಬರೋವರೆಗೂ ಇದೇ ಇರಲಿ,” ಅಂದಳು. ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಅದನ್ನು ಕೂರಿಸಿ, ಒಡೆದ ಹೆಡ್‌ಲೈಟಿಗೆ ಬೇರೆ ಗಾಜು ಹಾಕಿ, ಸ್ಟ್ಯಾಂಡ್ ಇಳಿಸಿ ಭಾವನ ಕೈಯಲ್ಲೇ ಹತ್ತು ಸಲ ಹ್ಯಾಂಡಲ್ ತಿರುವಿಸಿದಳು. ಗಾಡಿ ಹತ್ತು ಸಲವೂ ಅಲುಗಲಿಲ್ಲ.

ಸಂಜೆ ಅವನು ಆ ಗಾಡಿಯಲ್ಲೇ ಹೆಂಡತಿಯನ್ನು ಕರೆತರಲು ಹೊರಟ. ಅವಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವಳು. ಸೋಪಿನ ಹಬೆಗೆ ಬೆರಳು ಸುಕ್ಕಾಗಿಯೇ ಇರುತ್ತಿದ್ದವು. ಗೇಟಿನ ಹತ್ತಿರ ನಿಂತು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು. “ಅಂತೂ ನನ್ನ ಸವತಿ ಬಾಯಿ ಮುಚ್ಚಿಸಿದ್ರಿ,” ಅಂತ ಹಿಂದೆ ಹತ್ತಿ ಕೂತಳು.

ಒಂದು ವರ್ಷದಿಂದ ಅವಳಿಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತ್ತು. ಹಿಂದೆ ಕೂತು ಅವನ ಬೆನ್ನಿಗೆ ತಟ್ಟುವುದು. “ಯಾಕೆ ಹೀಗೆ ಕುಟ್ತೀಯ, ನಾನೇನು ನಿನ್ನ ಒಗೆಯೋ ಬಟ್ಟೇನಾ?” ಅಂತ ಎಷ್ಟೋ ಸಲ ರೇಗಿದ್ದ. “ಭಯ ಆಗುತ್ತೆ ಕಣ್ರೀ,” ಅನ್ನುತ್ತಿದ್ದಳು.

ಆ ಸಂಜೆ ಇಂಜಿನ್ನಿನ ನಡುಕ ಇರಲಿಲ್ಲ. ಗಾಡಿ ಎಣ್ಣೆ ಹಚ್ಚಿದ ನೆಲದ ಮೇಲೆ ಸರಿದಂತೆ ಹೋಗುತ್ತಿತ್ತು. ಅದಕ್ಕೇ ಇರಬೇಕು, ಅವಳ ಪ್ರತಿ ಬೆರಳೂ ಅವನಿಗೆ ಬೇರೆಬೇರೆಯಾಗಿ ತಿಳಿಯುತ್ತಿತ್ತು. ಎಡಗಡೆ ಬೆನ್ನಿಗೆ ಎರಡು ಸಲ ತಟ್ಟಿದಳು. ರೇಗಲು ಬಾಯಿ ತೆರೆಯುವಷ್ಟರಲ್ಲಿ ಎಡಗಡೆಯಿಂದ ಸ್ಕೂಟರೊಂದು ಉಜ್ಜಿಕೊಂಡು ಹೋಯಿತು. ಸ್ವಲ್ಪ ದೂರ ಏನೂ ಇಲ್ಲ. ಆಮೇಲೆ ಬಲಗಡೆ, ಇಡೀ ಅಂಗೈ ಒತ್ತಿ ಹಿಡಿದಳು. ಅವನು ಪಕ್ಕಕ್ಕೆ ಸರಿದ. ಲಾರಿಯೊಂದು ಬಲಗಡೆಯಿಂದ, ಅಂಗಿ ಹಾರುವಂತೆ, ದಾಟಿತು.

ಅವನು ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಇಳಿಸಿ, ತಿರುಗಿ ಅವಳ ಮುಖ ನೋಡಿದ.

“ಯಾವಾಗಿಂದ ಗೊತ್ತು?”

ಅವಳು ತಡವರಿಸಲಿಲ್ಲ. “ಹೋದ ವರ್ಷ ಹಿಂದೆ ಆಂಬುಲೆನ್ಸ್ ಅಷ್ಟು ಹೊತ್ತು ಅರಚ್ತಾ ಇದ್ರೂ ನೀವು ದಾರಿ ಬಿಡ್ಲಿಲ್ಲ. ಅವತ್ತಿಂದ.”

“ಹೇಳ್ಬಾರ್ದಾಗಿತ್ತಾ?”

“ನೀವೇ ಹೇಳ್ತೀರೇನೋ ಅಂತ ಇದ್ದೆ. ಹೇಳೋವರೆಗೂ ಗಾಡಿಗೆ ಸಿಕ್ಕಿ ಸಾಯ್ಬಾರ್ದಲ್ಲ, ಅದಕ್ಕೆ ತಟ್ತಿದ್ದೆ.”

ಅವನ ಕೈ ಸುಮ್ಮನಿರಲಾರದೆ ಕನ್ನಡಿಯನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸುತ್ತಿತ್ತು. ಅವಳು ಆ ಕೈಯ ಮೇಲೆ ತನ್ನ ಕೈ ಇಟ್ಟಳು. “ಮನೆಗೆ ಆಮೇಲೆ ಹೋಗೋಣ,” ಅಂದ ಅವನು. ಎಲ್ಲಿಗೆ ಅಂತ ಅವಳು ಕೇಳಲಿಲ್ಲ.

ಮೇಷ್ಟ್ರು ಮನೆಯ ಮುಂದೆ ಕುರ್ಚಿಯಲ್ಲಿ ಕೂತು, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಗಾಡಿ ಕುರ್ಚಿಯ ಪಕ್ಕಕ್ಕೇ ಬಂದು ನಿಂತ ಮೇಲೆ ಬೆಚ್ಚಿ ತಲೆಯೆತ್ತಿದರು.

“ಅರೆ, ಯಾವಾಗ ಬಂದ್ರಿ ಮೇಸ್ತ್ರಿ? ಸದ್ದೇ ಕೇಳಲಿಲ್ಲ!”

“ನನಗೂ ಕೇಳಲಿಲ್ಲ ಮೇಷ್ಟ್ರೇ,” ಅಂದ ಅವನು. “ನಿಮ್ಮ ಗಾಡಿದು ಅವತ್ತೂ ಕೇಳಲಿಲ್ಲ. ಏನೂ ಇಲ್ಲ ಅಂತ ಸುಳ್ಳು ಹೇಳ್ದೆ.”

ಮೇಷ್ಟ್ರ ಕೆಂಪು ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಅದರ ಕೆಳಗೆ ಮಸಿ ಚಿಕ್ಕ ಚುಕ್ಕೆಯಾಗಿ ಹರಡಿತು. ಅವರು ತಮ್ಮ ಕಾಲನ್ನು ನೋಡಿದರು, ಅವನನ್ನು ನೋಡಿದರು. ಬೈಗುಳ ಬರುತ್ತದೆ ಅಂತ ಮೇಸ್ತ್ರಿ ಅವರ ತುಟಿಯನ್ನೇ ನೋಡುತ್ತಾ ನಿಂತ.

“ಯಾವ ಕಿವಿ?” ಅಂದರು.

ಅವನು ಎಡಗಿವಿ ಮುಟ್ಟಿ ತೋರಿಸಿದ. ಮೇಷ್ಟ್ರು ಊರುಗೋಲು ಹಿಡಿದು ಕಷ್ಟಪಟ್ಟು ಎದ್ದರು. ಹಿಡಿದುಕೊಳ್ಳಲು ಬಂದವನನ್ನು ಕೈಯಾಡಿಸಿ ತಡೆದು, ಕುಂಟುತ್ತಾ ಗಾಡಿಯನ್ನು ಬಳಸಿಕೊಂಡು ಅವನ ಬಲಗಡೆಗೆ ಬಂದು ನಿಂತರು.

“ಸಿಟ್ಟು ಬಂದಿದೆ. ಅದು ಆಮೇಲೆ,” ಅಂದರು ಜೋರಾಗಿ. “ಈಗ ಮೊದಲಿಂದ ಹೇಳಿ.”