ಗಂಗಮ್ಮನವರ ಅಳಿಯನ ಮೈಕು

ಸವಳಂಗದಲ್ಲಿ ಬಸ್ಸಿಗೆ ಕಾಯುತ್ತ ಗಂಗಮ್ಮನವರ ಹೋಟೆಲಿನಲ್ಲಿ ಕೂತಿದ್ದೆ. ಎದುರಿಗೆ ಚುನಾವಣೆ ಪ್ರಚಾರದ ಆಟೊ ಬಂದು ನಿಂತಿತು. ಒಳಗಿದ್ದವನು ಮೈಕಿನಲ್ಲಿ ಎದುರು ಪಕ್ಷದವರನ್ನು ದ್ರೋಹಿಗಳು, ಗುಲಾಮರು ಎಂದು ಕೂಗುತ್ತಿದ್ದ. ಗಂಗಮ್ಮ ಅವನು ಬಯ್ಯುತ್ತಿದ್ದ ಆ ಪಕ್ಷದವರೇ. ಕೂಗುತ್ತಿದ್ದವನು ಅವರ ಅಳಿಯ. ಅವರ ಮುಖ ಸಣ್ಣದಾಯಿತು. ಆದರೂ ಒಂದು ಲೋಟ ಮಜ್ಜಿಗೆ ಹಿಡಿದು ಆಟೊ ಬಳಿ ಹೋದರು.

“ಆ ದ್ರೋಹಿಗಳೊಳಗೆ ನಾನೂ ಇದೀನೇನ್ರಿ?”

ಅಳಿಯ ಮೈಕ್ ಬಂದ್ ಮಾಡಿದ. “ನಿಮಗಲ್ಲ ಅತ್ತೆ, ಪಕ್ಷಕ್ಕೆ ಅಂದಿದ್ದು.”

“ಪಕ್ಷ ಅಂದ್ರೆ ನಮ್ಮಂಥೋರೇ ಅಲ್ಲೇನ್ರಿ? ಕುಡೀರಿ, ಗಂಟಲು ಒಡೆದೈತೆ.”

ಅವನು ತಲೆ ತಗ್ಗಿಸಿ ಕುಡಿದ. ಮತ್ತೆ ಮೈಕ್ ಹಿಡಿದಾಗ ತನ್ನ ಅಭ್ಯರ್ಥಿಯ ಹೆಸರು, ಗುರುತು ಅಷ್ಟನ್ನೇ ಹೇಳಿದ.

ಆಟೊ ಹೊರಡುವಾಗ ಗಂಗಮ್ಮ ಹೇಳಿದರು: “ಓಟು ಮಾತ್ರ ನಿಮಗೆ ಹಾಕಲ್ಲ. ಭಾನುವಾರ ಮಗಳನ್ನ ಕರ್ಕಂಡು ಊಟಕ್ಕೆ ಬರ್ರಿ.”